ಒಂದು ಕುದುರೆಯನ್ನೂ ಬಿಡಬೇಡಿ

ಎಲ್ಲ ರಗಳೆಗೂ ಕಾರಣ ಒಂದು ಚೀಟಿ. ಬರೆದವರು ಹುಲ್ಲು ಮೇಷ್ಟ್ರು. ಪಾಠ ಹೇಳುವ ಮೇಷ್ಟ್ರಲ್ಲ; ಬರಕ್ಕೆ ಬೋಳಾದ ಹುಲ್ಲುಗಾವಲನ್ನು ಮತ್ತೆ ಚಿಗುರಿಸುವುದು ಹೇಗೆಂದು ಕುದುರೆ ಸಾಕುವವರಿಗೆ ತಿಳಿಸಿಕೊಡಲು ಇಲಾಖೆ ನೇಮಿಸಿದ ತಾತ್ಕಾಲಿಕ ನೌಕರ. ಆ ನೌಕರಿಯ ಅವಧಿ ಇವತ್ತಿಗೆ ಮುಗಿಯುತ್ತಿತ್ತು. ಹನ್ನೊಂದಕ್ಕೆ ಸಾಹೇಬರು ಬಂದು ಹುಲ್ಲು ನೋಡಿ ಮುಂದಿನದು ಹೇಳುವವರಿದ್ದರು. ಇದೂ ಹೋದರೆ ಭಾವನ ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದೇ ಗತಿ.

ಹತ್ತಕ್ಕೆ ಲಾಯದ ಯಜಮಾನಿ ಫೋನ್ ಮಾಡಿದರು. "ಬಾಗಿಲಿಗೆ ಸಿಕ್ಕಿಸಿದ್ದ ಚೀಟಿ ಸಿಕ್ತು ಮೇಷ್ಟ್ರೇ. ನೀವು ಹೇಳಿದ ಹಾಗೇ ಒಂದನ್ನೂ ಬಿಟ್ಟಿಲ್ಲ."

"ಬಹಳ ಒಳ್ಳೇದಾಯ್ತಮ್ಮ!"

"ಕುಂಟು ಕುದುರೆ ಬರಲ್ಲ ಅಂತು. ಅದನ್ನೂ ತಳ್ಕೊಂಡು ಹೋಗಿ ಮೇಯೋಕೆ ಸೇರಿಸಿದ್ವಿ."

ಮೇಷ್ಟ್ರು ಫೋನನ್ನು ಅಲ್ಲೇ ಬಿಸಾಡಿದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಸಿಕ್ಕಿಸಿಕೊಂಡು ಓಡಿದರು.

ಮಳೆ ಬಿದ್ದು ಹದಿನೈದೇ ದಿನ, ಹುಲ್ಲಿನ್ನೂ ಬೆರಳುದ್ದ. ಗೇಣುದ್ದ ಆಗುವ ಮೊದಲು ಬಾಯಿ ಹಾಕಿದರೆ ಬೇರುಸಮೇತ ಕಿತ್ತು ಬರುತ್ತದೆ. ಅಲ್ಲಿ ನೋಡಿದರೆ ಒಂಬತ್ತು ಕುದುರೆಗಳು, ಬಿಟ್ಟಿ ಊಟಕ್ಕೆ ಕೂತ ನೆಂಟರ ಹಾಗೆ ತಲೆಯೆತ್ತದೆ ಮೇಯುತ್ತಿದ್ದವು.

"ಬಿಡಬೇಡಿ ಅಂದ್ರೆ ಒಳಗೆ ಬಿಡಬೇಡಿ ಅಂತ ಕಣಮ್ಮಾ!" ಮೇಷ್ಟ್ರಿಗೆ ಅಳುವುದೊಂದು ಬಾಕಿ.

ಬೇಲಿಯಾಚೆಯಿಂದ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕನ್ನಡಕ ಏರಿಸಿದರು. "ಚೀಟಿ ಓದಿ ಅರ್ಥ ಹೇಳಿದವನು ನಾನು. 'ಹೊಸ ಹುಲ್ಲು ಬಂದಿದೆ. ಒಂದು ಕುದುರೆಯನ್ನೂ ಬಿಡಬೇಡಿ.' ಅಂದ್ರೆ ಒಂದೂ ತಪ್ಪಿಹೋಗಬಾರದು ಅಂತ. ನಂಗೇ ಕನ್ನಡ ಕಲಿಸ್ತೀರಾ?"

ಜಗಳಕ್ಕೆ ಪುರುಸೊತ್ತಿರಲಿಲ್ಲ. ಮೇಷ್ಟ್ರು ಹಗ್ಗ ಹಿಡಿದು ಅಟ್ಟಿದರು. "ಶಿಳ್ಳೆ ಹಾಕಿದ್ರೆ ತಾವೇ ಬರ್ತಾವೆ," ಎಂದು ಪೋಸ್ಟ್‌ಮಾಸ್ಟರು ಒಂದು ಶಿಳ್ಳೆ ಹೊಡೆದೇಬಿಟ್ಟರು. ಕುದುರೆಗಳು ಬೆದರಿ ಬಯಲನ್ನು ನಾಲ್ಕು ಸುತ್ತು ಹಾಕಿದವು. ಅಳಿದುಳಿದದ್ದೂ ಗೊರಸಿನಡಿ ಮಣ್ಣುಪಾಲಾಯಿತು. ಅಷ್ಟರಲ್ಲಿ ಜೀಪು ಬಂದು ನಿಂತಿತು.

"ಏನ್ರೀ ಇದು? ಕುದುರೆ ಯಾಕ್ರೀ ಒಳಗಿವೆ?" ಎಂದರು ಸಾಹೇಬರು.

ನಿಜ ಹೇಳಿದರೆ ನೌಕರಿ ಕೈತಪ್ಪಿತು ಅಂತಲೇ ಲೆಕ್ಕ. ಮೇಷ್ಟ್ರು ಹಗ್ಗವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. "ಹುಲ್ಲು ಗೇಣುದ್ದ ಬಂದಿತ್ತು ಸಾರ್. ಅದಕ್ಕೇ ಇವತ್ತು ಮೇಯೋಕೆ ಬಿಟ್ವಿ. ಎಲ್ಲಾ ತಿಂದು ಮುಗಿಸಿವೆ."

"ಗೇಣಿಗಿಂತ ಜಾಸ್ತೀನೇ ಇತ್ತು ಸ್ವಾಮಿ," ಎಂದು ಪೋಸ್ಟ್‌ಮಾಸ್ಟರೂ ದನಿಗೂಡಿಸಿದರು. ಸದ್ಯ ಬದುಕಿಕೊಂಡೆ ಎಂದು ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು.

ಸಾಹೇಬರು ಮುಖ ಅರಳಿಸಿ ಕೈ ಕುಲುಕಿದರು. "ಭೇಷ್ ಕಣ್ರೀ! ಇಷ್ಟು ಬೇಗ ಹುಲ್ಲು ಎಲ್ಲಿ ಬರತ್ತೆ, ನೀವು ಇನ್ನೂ ಎರಡು ವರ್ಷ ಇಲ್ಲೇ ಇರಬೇಕಾಗತ್ತೆ ಅಂತ ಆರ್ಡರ್ ಮಾಡಿಸ್ಕೊಂಡೇ ಬಂದಿದ್ದೆ."

ಜೇಬಿನಿಂದ ಆ ಕಾಗದ ತೆಗೆದು, ನಗುನಗುತ್ತಲೇ ಪರಪರನೆ ಹರಿದರು.

"ಇನ್ನು ಇದ್ಯಾಕೆ?"