ಮೊಸರು ತುಳುಕದ ಡ್ರೈವರು

ಸಣ್ಣದೊಂದು ಕಾರು ಕೊಳ್ಳುವ ವಿಷಯದಲ್ಲಿ ಯಾರ ಸಲಹೆಯನ್ನೂ ಕೇಳುವುದಿಲ್ಲ ಎಂದು ಪಾಲಾಕ್ಷಪ್ಪನವರು ಶಪಥ ಮಾಡಿದರು. ಸಲಹೆ ಕೊಡಲು ಯಾರೂ ಮುಂದೆ ಬಂದಿರಲಿಲ್ಲ. ಆದರೂ ಮಾಡಿದರು.

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಮೂವತ್ತು ವರ್ಷ ಖಾಸಗಿ ಬಸ್ಸು ಓಡಿಸಿದ ಮಹಾನುಭಾವರು ಅವರು. ಸಂತೆಗೆ ಮೊಸರಿನ ಗಡಿಗೆ ಹೊತ್ತು ಬರುವ ಹೆಂಗಸರು ಉಳಿದ ಬಸ್ಸುಗಳನ್ನೆಲ್ಲ ಬಿಟ್ಟು ಇವರ ಬಸ್ಸಿಗೇ ಕಾಯುತ್ತಿದ್ದರು. ಗಡಿಗೆ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋದರೂ ಒಂದು ಹನಿ ತುಳುಕುತ್ತಿರಲಿಲ್ಲವಂತೆ. ರಾಜರಿಗೆ ಬಿರುದು ಕೊಡುವ ಕಾಲವಾಗಿದ್ದರೆ ‘ದಧಿರಕ್ಷಕ’ ಎಂದು ಕರೆಯಬಹುದಿತ್ತು. ಜನ ಅಷ್ಟೆಲ್ಲ ಕಷ್ಟಪಡದೆ ‘ಮೊಸರು ಪಾಲಾಕ್ಷಪ್ಪ’ ಎಂದರು.

ಅವರ ಹೆಂಡತಿ ರಾಧಮ್ಮ ತಳಕಿನ ಶಾಲೆಯಲ್ಲಿ ವಿಜ್ಞಾನದ ಮೇಡಂ. ದಿನವೂ ಟೆಂಪೋದಲ್ಲಿ ಕುರಿ, ಈರುಳ್ಳಿ ಮೂಟೆ ಮತ್ತು ಅವರಿವರ ಮೊಣಕೈಗಳ ನಡುವೆ ಶಾಲೆಗೆ ಹೋಗುವುದು ಸಾಕಾಗಿ, ಬೇಸಿಗೆ ರಜೆಯಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸನ್ನೂ ಮಾಡಿಸಿಕೊಂಡಿದ್ದರು. ಕಾರು ಬಂದರೆ ತಾವೇ ಓಡಿಸಿಕೊಂಡು ಹೋಗುವುದು ಅವರ ಲೆಕ್ಕ. ಈ ಮನೆಯಲ್ಲಿ ಸ್ಟೀರಿಂಗ್ ಹಿಡಿಯುವ ಕೈ ಒಂದೇ ಎಂಬುದು ಗಂಡನ ಲೆಕ್ಕ.

ಚಿತ್ರದುರ್ಗದ ಷೋರೂಮಿನಲ್ಲಿ ಮುತ್ತುರಾಜ್ ಎಂಬ ಟೈ ಕಟ್ಟಿದ ಹುಡುಗ ಮೊದಲು ಗೇರಿನ ಕಾರು ತೋರಿಸಿದ. ಪಾಲಾಕ್ಷಪ್ಪ ಗತ್ತಿನಿಂದ ಒಳಗೆ ಕೂತು ಕ್ಲಚ್ಚು ಒತ್ತಿದರು. ಎಡಮೊಣಕಾಲು ಕಟಕ್ಕೆಂದಿತು. ಮೂವತ್ತು ವರ್ಷ ಬಸ್ಸಿನ ಕ್ಲಚ್ಚು ತುಳಿದ ಮೊಣಕಾಲದು. ಅದು ಸವೆದಿರುವ ಸಂಗತಿ ಮೂರನೆಯವರಿಗೆ ಗೊತ್ತಿಲ್ಲವೆಂದು ಅವರು ನಂಬಿದ್ದರು. ಕೆಳಗಿಳಿದು, ಮುಖ ಸರಿಮಾಡಿಕೊಂಡು, ಗೇರು ಹಾಕುವುದೆಲ್ಲ ಹಳೇ ಕಾಲದ ಮಾತು, ತಾನೇ ಗೇರು ಬದಲಿಸಿಕೊಳ್ಳುವ ಕಾರು ಇದ್ದರೆ ತೋರಿಸು ಎಂದರು.

ಇತ್ತು. ಮುತ್ತುರಾಜ್ ಅದನ್ನೊಮ್ಮೆ ಓಡಿಸಿ ನೋಡಲು ಕರೆದ.

“ನನಗೆ ಓಡಿಸಿ ನೋಡು ಅಂತೀಯೇನಪ್ಪಾ?” ಎಂದರು ಪಾಲಾಕ್ಷಪ್ಪ.

ಹುಡುಗ ಕೈಮುಗಿದು ಒಂದೇ ಒಂದು ಮಾತು ಹೇಳಿದ. ಈ ಕಾರಿನಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ, ಅದನ್ನು ಹಿಂದಕ್ಕೆ ಮಡಚಿಟ್ಟುಕೊಳ್ಳಬೇಕು. ರಾಧಮ್ಮ ತಲೆಯಾಡಿಸಿದರು. ಪಾಲಾಕ್ಷಪ್ಪ ಆಗ ಬಣ್ಣ ನೋಡುತ್ತಿದ್ದರು.

ಆಮೇಲೆ ಹೆಚ್ಚುವರಿ ಸೌಕರ್ಯಗಳ ಸರದಿ. ಮಂಜು ಬಿದ್ದಾಗ ಉರಿಸುವ ದೀಪ ಬೇಕೆಂದರು. ಚಳ್ಳಕೆರೆಯಲ್ಲಿ ಮಂಜು ಕಂಡವರು ಯಾರೂ ಇಲ್ಲ. ಹಿಂದಿನ ಗಾಜಿಗೂ ವೈಪರ್ ಬೇಕೆಂದರು.

“ನಮ್ಮೂರಲ್ಲಿ ಮುಂದಿನ ಗಾಜಿಗೇ ಮಳೆ ಸಾಲ್ದು. ಹಿಂದಕ್ಕೆ ಎಲ್ಲಿಂದ ತರ್ತೀರಿ?” ಎಂದು ರಾಧಮ್ಮ ಕೇಳಿದರು. ತಾವು ಕುಳ್ಳಗಿರುವುದರಿಂದ ಡ್ರೈವರ್ ಸೀಟನ್ನು ಎತ್ತರಿಸುವ ಸೌಕರ್ಯವೊಂದಿದ್ದರೆ ಸಾಕು ಎಂದೂ ಹೇಳಿದರು. ಅದು ಅನಗತ್ಯವೆಂದು ಗಂಡ ತೀರ್ಪು ಕೊಟ್ಟು, ಅದರ ಬದಲು ಎಡಗಡೆ ಸೀಟಿನ ಮುಂದೆ, ಬಿಸಿಲು ತಡೆಯುವ ಹಲಗೆಯ ಒಳಗೆ, ಒಂದು ಕನ್ನಡಿ ಹಾಕಿಸಿದರು.

“ನೀನು ಆರಾಮಾಗಿ ಕೂತ್ಕೊಂಡು ಮುಖ ನೋಡ್ಕೋ. ರಸ್ತೆ ನಾನು ನೋಡ್ತೀನಿ.”

ರಾಧಮ್ಮ ಮೇಡಂ ಸುಮ್ಮನಾದರೆ ಪರೀಕ್ಷೆ ಹತ್ತಿರ ಬಂದಿದೆ ಎಂದು ಶಾಲೆಯ ಮಕ್ಕಳಿಗೆ ಗೊತ್ತಿತ್ತು. ಗಂಡನಿಗೆ ಗೊತ್ತಿರಲಿಲ್ಲ.

ಷೋರೂಮಿನವರೇ ಕಾರು ತಂದು ಬಾಗಿಲಿಗೆ ನಿಲ್ಲಿಸಿದ ದಿನ ಹಟ್ಟಿಯಿಂದ ರಾಧಮ್ಮನ ತಾಯಿ ಯರ್ರಮ್ಮ ಬಂದರು, ಕೈಯಲ್ಲಿ ಮೀಸಲು ಮೊಸರಿನ ಗಡಿಗೆ ಹಿಡಿದು. ಮನೆಗೆ ಹೊಸದಾಗಿ ಬಂದದ್ದು ಹಸುವಾಗಲಿ ಕಾರಾಗಲಿ, ಯಾರೂ ಬೆರಳದ್ದದ ಗಟ್ಟಿ ಮೊಸರನ್ನು ಬೆಟ್ಟದ ಜಟಿಂಗ ರಾಮೇಶ್ವರನಿಗೆ ಒಪ್ಪಿಸಬೇಕೆಂಬುದು ಅವರ ಮನೆತನದ ಪದ್ಧತಿ. ಗಡಿಗೆ ನೋಡಿದ್ದೇ ಪಾಲಾಕ್ಷಪ್ಪನವರಿಗೆ ಹಳೆಯ ಕೀರ್ತಿ ನೆತ್ತಿಗೇರಿತು.

“ಅತ್ತೇ, ನೀವೇ ಸಾಕ್ಷಿ. ಈ ಮೊಸರು ಕೆನೆ ಒಡೀದಂಗೆ ಬೆಟ್ಟ ಮುಟ್ಟಿದ್ರೆ ನಿಮ್ಮ ಮಗಳು ಇನ್ನು ಕೀ ಕೇಳಬಾರ್ದು.”

“ಒಡೆದ್ರೆ?” ಎಂದರು ರಾಧಮ್ಮ.

“ಒಡೆದ್ರೆ ಕೀ ನಿಂದು. ಆಯ್ತಾ?”

ರಾಧಮ್ಮ ಒಳಗೆ ಹೋಗಿ ಒಂದು ದಿಂಬು ತಂದು ಕಾರಿನೊಳಗಿಟ್ಟರು. ಅದೇಕೆಂದು ಯಾರೂ ಕೇಳಲಿಲ್ಲ.

ಊರು ದಾಟುವ ತನಕ ಪ್ರಯಾಣ ಬೆಣ್ಣೆಯಂತೆ ಸಾಗಿತು. ಊರಾಚೆ ಮೊದಲ ರಸ್ತೆ ಉಬ್ಬು ಬಂತು. ಉಬ್ಬು ಕಂಡರೆ ಗೇರು ಇಳಿಸಬೇಕು, ಗೇರು ಇಳಿಸಲು ಕ್ಲಚ್ಚು ತುಳಿಯಬೇಕು. ಎಡಗಾಲು ಯಜಮಾನನ ಅಪ್ಪಣೆಗೆ ಕಾಯದೆ, ಬಸ್ಸಿನ ಕ್ಲಚ್ಚಿಗೆ ಬೇಕಾಗುವಷ್ಟು ಭೀಮಬಲದಿಂದ ತುಳಿಯಿತು. ಅಲ್ಲಿ ಕ್ಲಚ್ಚು ಇರಲಿಲ್ಲ. ಅಗಲವಾದ ಬ್ರೇಕು ಇತ್ತು.

ಕಾರು ಗೂಟಕ್ಕೆ ಕಟ್ಟಿದಂತೆ ನಿಂತಿತು. ಮೊಸರು ನಿಲ್ಲಲಿಲ್ಲ. ಹಿಂದಿನ ಸೀಟಿನಲ್ಲಿ ಯರ್ರಮ್ಮ ಹಿಡಿದಿದ್ದ ಗಡಿಗೆಯಿಂದ ಹಾರಿ ಪಾಲಾಕ್ಷಪ್ಪನವರ ಕಿವಿ, ಹುಬ್ಬುಗಳನ್ನು ಸವರಿಕೊಂಡು ಮುಂದಿನ ಗಾಜನ್ನು ತಲುಪಿತು. ಅವರು ಗಾಬರಿಯಲ್ಲಿ ವೈಪರ್ ಹಾಕಿದರು. ಮುಂದಿನದೂ ಆಡಿತು, ದುಡ್ಡು ಕೊಟ್ಟು ಹಾಕಿಸಿದ ಹಿಂದಿನದೂ ಆಡಿತು. ಎರಡೂ ಗಾಜಿನ ಹೊರಗಿದ್ದವು, ಮೊಸರು ಒಳಗಿತ್ತು.

ರಸ್ತೆ ಸರಿಯಿಲ್ಲ ಎಂದರು. ಮುಂದಿನ ತಿರುವಿನಲ್ಲಿ ಮತ್ತೆ ಎಡಗಾಲು, ಮತ್ತೆ ಬ್ರೇಕು. ಈ ಸಲ ಬ್ರೇಕು ಹೊಸದು ಎಂದರು. ತಳಕಿನ ಬಳಿ ಕುರಿಮಂದೆ ಅಡ್ಡ ಬಂದಾಗ ಕಾರು ಕುಪ್ಪಳಿಸಿದ ಪರಿಗೆ ಟಗರುಗಳೇ ದಾರಿ ಬಿಟ್ಟು ನೋಡುತ್ತ ನಿಂತವು.

“ರೀ, ಆ ಹುಡುಗ ಎಡಗಾಲು ಮಡಚಿಕೊಳ್ಳಿ ಅಂದಿದ್ದ,” ಎಂದರು ರಾಧಮ್ಮ.

ಮಡಚಲು ಪಾಲಾಕ್ಷಪ್ಪ ಪ್ರಯತ್ನಿಸಿದರು. ಆದರೆ ಮಡಚಲು ಬಾರದ ಮೊಣಕಾಲಿಗೆಂದೇ ಅಲ್ಲವೇ ಈ ಕಾರು ತಂದದ್ದು! ಅದು ಕಟಕ್ಕೆಂದು, ಪುನಃ ಹೋಗಿ ಬ್ರೇಕಿನ ಮೇಲೇ ಕೂತಿತು. ಮಡಚಲಾಗದು ಎಂದು ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಮೊಸರು ಹೋಗುತ್ತದೆ. ಪಾಲಾಕ್ಷಪ್ಪ ಮಾನವನ್ನು ಆರಿಸಿಕೊಂಡರು.

ಯರ್ರಮ್ಮನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ಅವರು ಗಡಿಗೆಯ ಬಾಯಿಗೆ ಬಟ್ಟೆ ಬಿಗಿದು, ತಬ್ಬಿಕೊಂಡು “ಚಾಲು, ಚಾಲು” ಎನ್ನುತ್ತಲೇ ಬೆಟ್ಟದ ಬುಡ ತಲುಪಿದರು. ಸಾಕು ಎಂಬ ಅರ್ಥದ ಆ ಮಾತನ್ನು ಅಳಿಯ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪೂಜಾರಿ ದೊಡ್ಡೀರಪ್ಪ ಕಾರಿಗೆ ಕುಂಕುಮವಿಟ್ಟು, ಉಳಿದದ್ದನ್ನು ಯಜಮಾನರ ಹಣೆಗೂ ಬಳಿದ. ಮೀಸಲು ಮೊಸರು ಎಲ್ಲಿ ಎಂದು ಗಡಿಗೆಯ ಬಾಯಿ ಬಿಚ್ಚಿ ಇಣುಕಿದ.

“ಮೊಸರು ಅಂದ್ರಿ. ಇದ್ರಾಗೆ ಮಜ್ಜಿಗೆ ಐತೆ. ಮ್ಯಾಲೆ ಬೆಣ್ಣೆ ತೇಲ್ತೈತೆ.”

“ನಮ್ಮ ಅಳಿಯಂದ್ರು ದಾರಿಯಾಗೆ ಕಡೆದ್ರು,” ಎಂದರು ಯರ್ರಮ್ಮ. “ಕಡಗೋಲೂ ಬೇಕಾಗ್ಲಿಲ್ಲ.”

ದೇವರಿಗೆ ಬೆಣ್ಣೆಯೂ ನಡೆಯುತ್ತದೆ ಎಂದು ದೊಡ್ಡೀರಪ್ಪ ಒಂದು ಉಂಡೆ ತೆಗೆದುಕೊಂಡು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಗಾಡಿ ಮುಂದಕ್ಕೆ ಬಿಡಿ ಎಂದ. ಪಾಲಾಕ್ಷಪ್ಪ ಬಾಗಿಲಿಗೆ ಕೈ ಹಾಕಿದರು. ರಾಧಮ್ಮ ಅಂಗೈ ಚಾಚಿದರು. ಕೀ ಅಂಗೈಗೆ ಬಿತ್ತು.

ಅವರು ಡ್ರೈವರ್ ಸೀಟಿನ ಮೇಲೆ ಮನೆಯಿಂದ ತಂದ ದಿಂಬು ಹಾಕಿ ಕೂತು, ಎಡಗಾಲನ್ನು ಹಿಂದಕ್ಕೆ ಮಡಚಿದರು. ನಾಲ್ಕು ನಿಂಬೆಹಣ್ಣೂ ಸದ್ದಿಲ್ಲದೆ ಅಪ್ಪಚ್ಚಿಯಾದವು.

“ಎಡಗಾಲು ಚಾಚ್ಕೊಂಡು ಕೂತ್ಕೊಳ್ಳಿ. ಆ ಕಡೆ ಯಾವ ಬ್ರೇಕೂ ಇಲ್ಲ,” ಎಂದರು. ಮೂರನೆಯವರಿಗೆ ಗೊತ್ತಿಲ್ಲದ ಮೊಣಕಾಲಿನ ಗುಟ್ಟು ಎರಡನೆಯವರಿಗೆ ಎಂದೋ ಗೊತ್ತಿತ್ತು.

ಚಳ್ಳಕೆರೆಯ ದಾರಿಯಲ್ಲಿ ಇಳಿಬಿಸಿಲು ನೇರ ಮುಖಕ್ಕೆ ಹೊಡೆಯಿತು. ಪಾಲಾಕ್ಷಪ್ಪ ತಲೆಯ ಮೇಲಿನ ಹಲಗೆಯನ್ನು ಎಳೆದರು. ತಾವೇ ಆರಿಸಿ ಹಾಕಿಸಿದ ಕನ್ನಡಿ ಎದುರಾಯಿತು. ಅದರೊಳಗೆ, ಒಣಗಿದ ಮೊಸರಿನ ಬಿಳಿ ಹುಬ್ಬುಗಳ ನಡುವೆ ಕೆಂಪು ಕುಂಕುಮ ಮೆತ್ತಿಕೊಂಡ ಮುದುಕನೊಬ್ಬ ಅವರನ್ನೇ ನೋಡುತ್ತಿದ್ದ.

“ನೋಡ್ಕೊಳ್ಳಿ,” ಎಂದರು ರಾಧಮ್ಮ, ಕಣ್ಣು ಕದಲಿಸದೆ. “ರಸ್ತೆ ನಾನು ನೋಡ್ತೀನಿ.”

ಹಿಂದಿನ ಸೀಟಿನಲ್ಲಿ ಯರ್ರಮ್ಮ ಗಡಿಗೆಯೊಳಗೆ ಇಣುಕಿದರು. “ಒಂದು ಹನೀನೂ ತುಳುಕಿಲ್ಲ ಕಣವ್ವ.”

“ಇನ್ನೇನೈತೆ ಅತ್ತೇ ಅದ್ರಾಗೆ, ತುಳುಕೋಕೆ?” ಎಂದರು ಪಾಲಾಕ್ಷಪ್ಪ.

“ನೀವು ತೆಗೆದ ಬೆಣ್ಣೆ ಐತಲ್ಲ. ನಿಮ್ಮ ಮೊಣಕಾಲಿಗೆ ತಿಕ್ಕೋಣ ಅಂತ ಇಟ್ಕೊಂಡೀನಿ.”

ಪಾಲಾಕ್ಷಪ್ಪ ಕನ್ನಡಿಯನ್ನು ಮೇಲಕ್ಕೆ ಮಡಚಿದರು. ಅದಕ್ಕಿಂತ ಬಿಸಿಲೇ ವಾಸಿ ಎನ್ನಿಸಿತು.