ಕಂಪ್ಯೂಟರ್ ಟೇಬಲ್ಲಿನ ಮೇಲೆ ಜೋಳದ ರೊಟ್ಟಿ

ನಮ್ಮ ಕಾಕಾ ಸಾಲ ಮಾಡಿಕೊಂಡಿದ್ದರು ಅನ್ನುವುದು ದೊಡ್ಡ ಸುದ್ದಿಯೇನಲ್ಲ. ಸಾಲ ಯಾರಿಗಿಲ್ಲ ಹೇಳಿ? ಆದರೆ ಅಷ್ಟು ಗತ್ತಿನಿಂದ ಸಾಲಗಾರರಾಗಿದ್ದ ಇನ್ನೊಬ್ಬರನ್ನು ನಾನಂತೂ ನೋಡಿಲ್ಲ. ಉಳಿದವರು ಸಾಲವಾದರೆ ಮುಖ ಮರೆಸಿಕೊಂಡು ಓಡಾಡುತ್ತಾರೆ. ನಮ್ಮ ಕಾಕಾ ಮನೆಗೆ ಬಂದವರಿಗೆಲ್ಲ, ಹೊಸದಾಗಿ ಕೊಂಡ ಸೋಫಾ ತೋರಿಸುವವರ ಹಾಗೆ, ತಮ್ಮ ಸಾಲವನ್ನು ಪರಿಚಯ ಮಾಡಿಕೊಡುತ್ತಿದ್ದರು.

"ಬರ್ರಿ, ಕೂಡ್ರಿ. ನಮ್ಮ ಮನ್ಯಾಗ ಈಗ ಸಾಲ ಐತಿ. ಅದಕ್ಕ ಚಾದಾಗ ಸಕ್ರಿ ಕಡಿಮಿ. ಸಿಹಿ ಸಾಲದಿದ್ರ ಮಾತಾಡಕೋತ ಕುಡೀರಿ."

ಬಂದವರು ಚಹಾ ಕುಡಿಯುವುದೋ, ನಗುವುದೋ, ಎದ್ದು ಹೋಗುವುದೋ ತಿಳಿಯದೆ ಬಟ್ಟಲು ಹಿಡಿದು ಕೂಡುತ್ತಿದ್ದರು.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಹೈದರಾಬಾದಿನ ಬಾಲಾನಗರದ ದೊಡ್ಡ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಲಾಠಿ ಹಿಡಿಯುವ ಇನ್‌ಸ್ಪೆಕ್ಟರ್ ಅಲ್ಲ. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು ನೋಡಿ, ಇದು ಪಾಸು, ಇದು ರಿಜೆಕ್ಟು ಎಂದು ವಿಂಗಡಿಸುವ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿಯುವ ಆ ಕಣ್ಣು, ತಮ್ಮ ಜೀವನದ ಅತಿ ದೊಡ್ಡ ವ್ಯವಹಾರದಲ್ಲಿ ಮಾತ್ರ ಏನನ್ನೂ ಹಿಡಿಯಲಿಲ್ಲ.

ಆಗ ಊರಿಗೆ ಊರೇ ಕಂಪ್ಯೂಟರಿನ ಹುಚ್ಚು ಹತ್ತಿಸಿಕೊಂಡಿತ್ತು. ಕಾಕಾ ಇದ್ದ ದಿಲ್‌ಸುಖ್‌ನಗರದಲ್ಲಿ ಗೋಡೆ ಕಾಣದಷ್ಟು ಬೋರ್ಡುಗಳು. ಮೊದಲ ಮಹಡಿಯಲ್ಲಿ ಒಂದು ಕಂಪ್ಯೂಟರ್ ಕ್ಲಾಸು, ಎರಡನೆಯದರಲ್ಲಿ ಇನ್ನೊಂದು, ಮೆಟ್ಟಿಲ ಕೆಳಗೆ ಪಾಸ್‌ಪೋರ್ಟ್ ಫೋಟೊ ತೆಗೆಯುವವನು. ಕ್ಲಾಸಿಗೆ ಹತ್ತಿ ಹೋದವರು ಇಳಿಯುವಾಗ ಫೋಟೊ ತೆಗೆಸಿಕೊಂಡು ನೇರವಾಗಿ ಅಮೆರಿಕಕ್ಕೆ ಹೋಗುತ್ತಾರೆ ಎಂದೇ ಎಲ್ಲರೂ ನಂಬಿದ್ದರು. ಕಾಕಾ ಕೂಡ ನಂಬಿದರು. ತಮ್ಮ ಮನೆಯ ಮೇಲಿನ ಮಹಡಿಯನ್ನು ಬಾಡಿಗೆಗೆ ಹಿಡಿದು, ಬ್ಯಾಂಕಿನಲ್ಲಿ ಸಾಲ, ಕಾರ್ಖಾನೆಯ ಸೊಸೈಟಿಯಲ್ಲಿ ಸಾಲ, ಸಾಲದೆ ಬಂದದ್ದಕ್ಕೆ ಅವರ ಹೆಂಡತಿ, ಅಂದರೆ ನಮ್ಮ ಕಾಕು, ಬಿಚ್ಚಿ ಕೊಟ್ಟ ಕೈಬಳೆ, ಎಲ್ಲ ಸೇರಿಸಿ ಒಂದು ತರಬೇತಿ ಕೇಂದ್ರ ತೆರೆದರು. ಮನೆಯಲ್ಲಿ ಮನುಷ್ಯರಿಗೆ ಗಡಗಡ ಎನ್ನುವ ಫ್ಯಾನು, ಮೇಲೆ ಕಂಪ್ಯೂಟರುಗಳಿಗೆ ಏಸಿ. ಬೇಸಿಗೆಯಲ್ಲಿ ಕಾಕಾ, "ಕಂಪ್ಯೂಟರಿಗೆ ಊದಿನಕಡ್ಡಿ ಹಚ್ಚಿ ಬರ್ತೀನಿ" ಎಂದು ಮೇಲೆ ಹೋದರೆ ಊಟದ ಹೊತ್ತಿಗೇ ಇಳಿಯುವುದಂತೆ.

ಕಲಿಸಲು ಒಬ್ಬ ಚುರುಕಾದ ತರುಣ ಮಾಸ್ತರನನ್ನು ನೇಮಿಸಿಕೊಂಡಿದ್ದರು. ಆತ ಕಲಿಸುತ್ತ ಕಲಿಸುತ್ತ ತಾನೇ ಎಲ್ಲರಿಗಿಂತ ಚೆನ್ನಾಗಿ ಕಲಿತು ಅಮೆರಿಕಕ್ಕೆ ಹಾರಿಬಿಟ್ಟ. ಕಾಕಾನ ಸಂಸ್ಥೆಯಿಂದ ಅಮೆರಿಕ ಮುಟ್ಟಿದ ಏಕೈಕ ವಿದ್ಯಾರ್ಥಿ ಅವನೇ! ಇನ್ನೊಬ್ಬರನ್ನು ಹುಡುಕುವಷ್ಟರಲ್ಲಿ, ಹೋದವರೆಲ್ಲ ಅಲ್ಲಿ ಕೆಲಸ ಕಳೆದುಕೊಂಡು ವಾಪಸಾಗುತ್ತಿದ್ದಾರೆ ಎಂಬ ಸುದ್ದಿ ಬಂತು. ಸೇರಲು ನಿಂತಿದ್ದ ಸಾಲು ಫೀಸು ಮರಳಿ ಕೇಳುವ ಸಾಲಾಯಿತು. ಕಾಕಾ ಕಂಪ್ಯೂಟರುಗಳನ್ನೂ ಏಸಿಯನ್ನೂ ಬಂದ ಬೆಲೆಗೆ ಮಾರಿ, ಮಕ್ಕಳ ಫೀಸನ್ನೆಲ್ಲ ಹಿಂದಿರುಗಿಸಿದರು. ಆಮೇಲೆ ಅವರ ಬಳಿ ಉಳಿದದ್ದು ಪೂರ್ತಿ ಸಾಲ ಮತ್ತು ಯಾರೂ ಕೊಳ್ಳದ ಟೇಬಲ್ಲುಗಳು.

ಸರಿಯಾಗಿ ಆಗಲೇ ನಾನು ಬಿಜಾಪುರದಿಂದ ಎಂ.ಎ. ಓದಲು ಹೈದರಾಬಾದಿಗೆ ಬಂದು, ಟ್ರಂಕಿನ ಸಮೇತ ಅವರ ಬಾಗಿಲಲ್ಲಿ ನಿಂತೆ. ಮಗಳು ಮದುವೆಯಾಗಿ ಸೊಲ್ಲಾಪುರ ಸೇರಿದ್ದರಿಂದ ಆ ಎರಡು ಕೋಣೆಯ ಮನೆಯಲ್ಲಿ ಕಾಕಾ, ಕಾಕು ಇಬ್ಬರೇ ಇರುತ್ತಾರೆ, ಜಾಗಕ್ಕೇನೂ ಕೊರತೆಯಿಲ್ಲ ಅಂದುಕೊಂಡಿದ್ದೆ. ಒಳಗೆ ಕಾಲಿಟ್ಟರೆ ಎಲ್ಲಿ ನೋಡಿದರೂ ಟೇಬಲ್ಲು! ಒಂದರ ಮೇಲೆ ದೇವರು, ಒಂದರ ಮೇಲೆ ಜೋಳದ ಚೀಲ, ಒಂದರ ಕೆಳಗೆ ಉಳ್ಳಾಗಡ್ಡಿ. ಮೌಸ್ ಇಡುವ ಮೆತ್ತನೆಯ ಚೌಕಗಳ ಮೇಲೆ ಬಿಸಿ ಸಾರಿನ ಪಾತ್ರೆ. ವಿದ್ಯಾರ್ಥಿಗಳ ನಡುವೆ ಅಡ್ಡ ಇಡುತ್ತಿದ್ದ ಹಲಗೆಗಳಿಂದ ನನಗೊಂದು ಕೋಣೆ. ಪ್ರಿಂಟರಿನ ಪ್ಲಾಸ್ಟಿಕ್ ಹೊದಿಕೆ ಮಳೆ ಬಂದಾಗ ಕಾಕಾನ ತಲೆಗೆ. ಎಲ್ಲಕ್ಕಿಂತ ಮಿಗಿಲು ಬಚ್ಚಲ ಬಾಗಿಲು. ಹಳೆಯದು ಮುರಿದಿತ್ತೆಂದು ಕಾಕಾ ಕೇಂದ್ರದ ತಗಡಿನ ಬೋರ್ಡನ್ನೇ ಕತ್ತರಿಸಿ ಕೂಡಿಸಿದ್ದರು. ಅದರ ಮೇಲೆ ತೆಲುಗಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿತ್ತು: "ನಿಮ್ಮ ಉಜ್ವಲ ಭವಿಷ್ಯಕ್ಕೆ ಇದೇ ಬಾಗಿಲು."

ಬಂದ ವಾರದಲ್ಲೇ ನನಗೆ ಮನೆಯ ಸ್ಥಿತಿ ಅರ್ಥವಾಗಿ, ಹಾಸ್ಟೆಲಿಗೆ ಹೋಗುತ್ತೇನೆ ಅಂದೆ.

"ಯಾಕ? ಇಲ್ಲಿ ಏನ ಕಡಿಮ್ಯಾಗೇತಿ?" ಎಂದು ಕಾಕಾ ಕೇಳಿದರು.

"ನಿಮಗ ಭಾರ ಆಗಬಾರದಂತ, ಕಾಕಾ."

"ನೀ ಎಷ್ಟ ಉಣ್ತೀ? ಒಂದೂವರಿ ರೊಟ್ಟಿ. ಅರ್ಧಾ ಉಳಿಸಿ ಏಳ್ತೀ, ಅದನ್ನ ನಾ ತಿಂತೀನಿ. ನೀ ಹಾಸ್ಟೆಲಿಗೆ ಹೋದ್ರ ನನಗ ಅರ್ಧಾ ರೊಟ್ಟಿ ನುಕಸಾನ."

ಕಾಕು ಸೆರಗು ಬಾಯಿಗೆ ಹಿಡಿದು ನಕ್ಕರು. ಹಾಸ್ಟೆಲಿನ ಮಾತು ಅಲ್ಲಿಗೇ ಮುಗಿಯಿತು.

ತರಕಾರಿ ತರುವುದು ಕಾಕಾನ ಖಾತೆ. ಎಲ್ಲರೂ ಮುಂಜಾನೆ ತಾಜಾ ಕಾಯಿಪಲ್ಲೆ ಕೊಳ್ಳಲು ಹೋದರೆ, ಇವರು ಸಂತೆಯವರು ಚೀಲ ಮಡಚುವ ಹೊತ್ತಿಗೆ ಹೋಗುತ್ತಿದ್ದರು. ಏನು ತರಬೇಕು ಎಂದು ಮೊದಲೇ ತೀರ್ಮಾನಿಸುವುದು ದುಂದುಗಾರರ ಲಕ್ಷಣವಂತೆ. ಸಂತೆಯಲ್ಲಿ ಏನು ಉಳಿದಿದೆಯೋ ಅದೇ ನಮಗೆ ಬೇಕಾದದ್ದು. ಒಮ್ಮೆ ಹೀಗೆ ಉಳಿದದ್ದು ಹೀರೇಕಾಯಿ. ಒಂದು ಬುಟ್ಟಿ ಹೀರೇಕಾಯಿ! ಮಾರುವ ಹೆಂಗಸಿಗೂ ಅದನ್ನು ಹೊತ್ತುಕೊಂಡು ಹೋಗುವ ಮನಸ್ಸಿರಲಿಲ್ಲ, ಇವರಿಗೂ ಬಿಟ್ಟು ಬರುವ ಮನಸ್ಸಿರಲಿಲ್ಲ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಹೀರೇಕಾಯಿ ಪಲ್ಯ, ಹೀರೇಕಾಯಿ ಬೇಳೆ, ಹೀರೇಕಾಯಿ ಭಜಿ, ಸಿಪ್ಪೆಯದು ಚಟ್ನಿ.

ವಾರದ ಕೊನೆಗೆ ಊಟಕ್ಕೆ ಕೂತಾಗ ಕಾಕಾ ಬಾಯಿ ಚಪ್ಪರಿಸಿದರು.

"ಇದ ಏನ ಪಲ್ಯ?"

"ಹೀರಿಕಾಯಿ" ಎಂದರು ಕಾಕು.

"ಮತ್ತ ನಿನ್ನೆದ್ದು?"

"ಅದೂ ಹೀರಿಕಾಯಿ."

"ನೋಡ, ಕಾಯಿ ಒಂದ, ರುಚಿ ದಿನಾ ಬ್ಯಾರೆ."

"ರುಚಿ ಒಂದೇ ಇತ್ತರಿ. ನಿಮ್ಮ ಹಸಿವಿ ದಿನಾ ಬ್ಯಾರೆ ಇತ್ತು."

ಕಾಕಾ ತಟ್ಟೆ ನೋಡಿಕೊಂಡು, "ಪಾಸ್" ಎಂದು ಇನ್ನೊಂದು ಸಲ ಹಾಕಿಸಿಕೊಂಡರು.

ಇನ್ನು ಮದುವೆಗಳ ಕಥೆ. ಹೈದರಾಬಾದಿನಲ್ಲಿ ನಮ್ಮ ಕಡೆಯವರು ಬಹಳ. ಎಲ್ಲರೂ ಕರೆಯುವವರೇ. ಹೋದರೆ ಉಡುಗೊರೆಯ ಆಹೇರು ಕೊಡಬೇಕು, ಹೋಗದಿದ್ದರೆ ಮುನಿಸು. ಕಾಕಾ ಇದಕ್ಕೊಂದು ಉಪಾಯ ಕಂಡುಹಿಡಿದರು. ಮದುವೆ ಮನೆಯ ಯಜಮಾನರ ಮುಂದೆ ನಿಂತು, "ರೊಕ್ಕದ ಆಹೇರು ಎಲ್ಲಾರೂ ಕೊಡ್ತಾರ. ನಾ ಬಡಿಸಿ ಹೋಗ್ತೀನಿ" ಎಂದು ಹೇಳಿ, ಧೋತರ ಎತ್ತಿ ಕಟ್ಟಿ ಪಂಕ್ತಿಗೆ ಇಳಿದುಬಿಡುವುದು! ಸುಮ್ಮನೆ ಹೇಳಬಾರದು, ಅವರ ಹಾಗೆ ಬಡಿಸುವವರನ್ನು ನಾನು ಕಂಡಿಲ್ಲ. ಮುದುಕರಿಗೆ ಮೆತ್ತನೆಯದು, ಮಕ್ಕಳಿಗೆ ಸಿಹಿ, ಹೊಸ ಅಳಿಯಂದಿರಿಗೆ ಬೇಡವೆಂದರೂ ಎರಡು.

ಉಪ್ಪಲ್ ಬಡಾವಣೆಯ ಒಂದು ಮದುವೆಯಲ್ಲಿ ಅಡುಗೆಯ ಗುತ್ತಿಗೆ ಹಿಡಿದವನು ಇವರನ್ನು ಬಹಳ ಹೊತ್ತು ನೋಡಿ, ಹತ್ತಿರ ಬಂದು, "ಏಕ್ ದಿನ್ ಕಾ ಕಿತ್ನಾ ಲೇತೆ ಚಾಚಾ?" ಎಂದು ದಿನಗೂಲಿ ಎಷ್ಟೆಂದು ಕೇಳಿದ. ಪಕ್ಕದಲ್ಲೇ ಇದ್ದ ಕಾಕು ನೆಲ ನೋಡತೊಡಗಿದರು. ಬೇರೆ ಯಾರಾದರೂ ಆಗಿದ್ದರೆ ತಾವು ಎಂಥ ಕಾರ್ಖಾನೆಯಲ್ಲಿ ಎಂಥ ಹುದ್ದೆಯಲ್ಲಿದ್ದೇವೆ ಎಂದು ಹೇಳಿ ಅವನ ಬೆವರಿಳಿಸುತ್ತಿದ್ದರು. ಕಾಕಾ ಕೈಯಲ್ಲಿದ್ದ ಸಾರಿನ ಬಕೆಟ್ ಕೆಳಗಿಟ್ಟು ಹೇಳಿದರು:

"ಕಾಮ್ ತೋ ದೇಖೆ ನಾ? ಅಬ್ ತುಮೀಚ್ ಬೋಲೋ." ಕೆಲಸ ನೋಡಿದೆಯಲ್ಲ, ಕೂಲಿ ಎಷ್ಟೆಂದು ಈಗ ನೀನೇ ಹೇಳು ಎಂದು.

ಅಲ್ಲಿಂದ ಮುಂದೆ ಭಾನುವಾರ ಬಂತೆಂದರೆ ಕಾಕಾ ಮದುವೆ ಮನೆಗಳಲ್ಲಿ ಬಡಿಸಲು ಹೋಗತೊಡಗಿದರು. ಒಮ್ಮೆ ಪಂಕ್ತಿಯಲ್ಲಿ ಅವರ ಕಾರ್ಖಾನೆಯ ದೊಡ್ಡ ಸಾಹೇಬರೇ ಕೂತಿದ್ದರಂತೆ. ಎದುರಿಗೆ ಹೋಳಿಗೆಯ ಬುಟ್ಟಿ ಹಿಡಿದು ತಮ್ಮದೇ ಇನ್‌ಸ್ಪೆಕ್ಟರ್ ನಿಂತಿದ್ದನ್ನು ಕಂಡು ಸಾಹೇಬರು ಎಲೆಯಿಂದ ತಲೆ ಎತ್ತಲೇ ಇಲ್ಲ. ಮರುದಿನ ಕಾರ್ಖಾನೆಯಲ್ಲಿ ಅವರೇ ಕರೆಸಿ, ಮೆಲ್ಲಗೆ, ಏನು ಕಷ್ಟ ಎಂದು ಕೇಳಿದರಂತೆ.

"ನಂದೇನ ಕಷ್ಟ ಇಲ್ಲ ಸಾಹೇಬ್ರ, ಸಾಲ ಐತಿ ಅಷ್ಟ" ಎಂದು ಕಾಕಾ ಹೇಳಿ, "ಆದ್ರ ನಿನ್ನೆ ನೀವು ಬದನಿಕಾಯಿ ಹಂಗ ಬಿಟ್ಟ ಎದ್ರಿ. ಅದು ಮಾತ್ರ ರಿಜೆಕ್ಟ್" ಎಂದು ಬಂದರಂತೆ.

ಈ ಕಥೆಯನ್ನು ಮನೆಯಲ್ಲಿ ನಟಿಸಿ ತೋರಿಸುವಾಗ ಸಾಹೇಬರ ಪಾತ್ರಕ್ಕೆ ನನ್ನನ್ನು ಕೂಡಿಸಿದ್ದರು. ಮೊದಲು ಕಾಕು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಗಂಡ ಮಂದಿಯ ಮದುವೆಯಲ್ಲಿ ಬಕೆಟ್ ಹಿಡಿಯುವುದು ಅವರ ತವರಿನವರೆಗೂ ಮುಟ್ಟಿ, ಯಾರೋ ಫೋನಿನಲ್ಲಿ ಚುಚ್ಚಿ ಮಾತಾಡಿದ್ದರು. ಕಾಕಾ ಹೋಳಿಗೆಯ ಬದಲು ಪುಸ್ತಕ ಹಿಡಿದು, ಬಾಗಿ, "ಸಾಹೇಬ್ರ, ಇನ್ನೊಂದ" ಅನ್ನುತ್ತ ನನ್ನ ಸುತ್ತ ತಿರುಗಿದರು. ಸ್ವಲ್ಪ ಹೊತ್ತಿಗೆ ಕಾಕುವಿನ ಹೆಗಲು ಅಲುಗಿತು. ತಿರುಗಿದಾಗ ಅವರೂ ನಗುತ್ತಿದ್ದರು.

ಆ ಗುತ್ತಿಗೆದಾರನಿಗೆ ಒಮ್ಮೆ ಜೋಳದ ರೊಟ್ಟಿ ಮಾಡುವವರು ಸಿಗಲಿಲ್ಲ. ನಮ್ಮ ಕಡೆಯವರ ಮದುವೆ, ರೊಟ್ಟಿ ಇಲ್ಲದೆ ಆಗದು. ಕಾಕಾ ಮನೆಗೆ ಬಂದು ಕಾಕುವಿನ ಮುಂದೆ ಕೈಕಟ್ಟಿ ನಿಂತು, ಕೆಲಸ ಕೇಳಲು ಬಂದವರ ಹಾಗೆ, ಆರ್ಡರು ಒಪ್ಪಿಸಿದರು. ಕಾಕುವಿಗೆ ಮಂಡಿನೋವು. ನೆಲದ ಮೇಲೆ ಕೂತು ಅಷ್ಟು ರೊಟ್ಟಿ ಬಡಿಯುವುದು ಸಾಧ್ಯವಿರಲಿಲ್ಲ. ಅವರು ಮನೆಯೆಲ್ಲ ಕಣ್ಣಾಡಿಸಿ, ಒಂದು ಕಂಪ್ಯೂಟರ್ ಟೇಬಲ್ಲಿನ ಮುಂದೆ ಸ್ಟೂಲು ಎಳೆದುಕೊಂಡು ಕೂತರು. ಕೀಬೋರ್ಡ್ ಇಡುವ ಕೆಳಗಿನ ಹಲಗೆ ಎಳೆದರೆ ಸರಿಯಾಗಿ ಮೊಣಕೈ ಎತ್ತರಕ್ಕೆ ಬಂತು. ಹಿಟ್ಟು ಹಚ್ಚಿ ಬಡಿಯತೊಡಗಿದರು. ಎರಡೇ ಏಟಿಗೆ ಹಲಗೆ ರೊಟ್ಟಿಯ ಸಮೇತ ಒಳಗೆ ಸರಿದುಹೋಯಿತು! ಕಾಕಾ ಓಡಿಬಂದು ಕಟ್ಟಿಗೆಯ ಬೆಣೆ ಬಡಿದು ಅದನ್ನು ನಿಲ್ಲಿಸಿದರು. ಅಷ್ಟು ಸಾಲ ಮಾಡಿ ತಂದ ಕಂಪ್ಯೂಟರುಗಳು ಗಳಿಸದ ಹಣವನ್ನು ಆ ಟೇಬಲ್ಲು ಗಳಿಸತೊಡಗಿತು. ಮದುವೆಯವರು ಆದಮೇಲೆ ಸುತ್ತಲಿನ ಕೋಚಿಂಗ್ ಸೆಂಟರುಗಳಿಗೆ ನಮ್ಮ ಕಡೆಯಿಂದ ಬಂದು ಓದುತ್ತಿದ್ದ ಹುಡುಗರು ಕೇಳಿಕೊಂಡು ಬಂದರು. ನಾನು ಕಾಲೇಜು ಮುಗಿಸಿ ಬಂದು ಶೇಂಗಾ ಚಟ್ನಿ ಕುಟ್ಟುತ್ತಿದ್ದೆ. ಇನ್ನೊಂದು ಟೇಬಲ್ಲಿಗೂ ಬೆಣೆ ಬಿತ್ತು.

ಕಾಕಾ ಬೇಯಿಸುವ ಕಡೆ ಬರುತ್ತಿರಲಿಲ್ಲ. ಅವರದು ತಪಾಸಣೆ. ಒಂದೊಂದು ರೊಟ್ಟಿಯನ್ನೂ ಬೆಳಕಿಗೆ ಹಿಡಿದು, ಅಂಚು ನೋಡಿ, ಒಂದು ಕಡೆ ಪಾಸಾದದ್ದು, ಇನ್ನೊಂದು ಕಡೆ ರಿಜೆಕ್ಟು ಎಂದು ಅಡಕುತ್ತಿದ್ದರು. ರಿಜೆಕ್ಟ್ ಆದದ್ದಕ್ಕೆ ಬೆಣ್ಣೆಯಿಲ್ಲದೆ ಚಟ್ನಿ ಹಚ್ಚಿ ಅಲ್ಲೇ ತಿನ್ನುವುದು.

"ಏನ್ರಿ, ಒಂದ ಮಾತ ಕೇಳ್ಲಿ?" ಎಂದರು ಒಂದು ದಿನ ಕಾಕು. "ಮುಂಜಾನೆ ಒಂದೂ ರಿಜೆಕ್ಟ್ ಆಗಂಗಿಲ್ಲ. ನೀವು ಡ್ಯೂಟಿ ಮುಗಿಸಿ ಬಂದಕೂಡ್ಲೇ ಎಲ್ಲಾ ರೊಟ್ಟಿ ಸೊಟ್ಟ ಆಗ್ತಾವಲ್ಲ?"

ಕಾಕಾ ಬಾಯಲ್ಲಿದ್ದದ್ದನ್ನು ನುಂಗಿ, "ಸಂಜೀಮುಂದ ಬೆಳಕ ಚಲೋ ಇರ್ತೈತಿ, ತಪ್ಪ ಎದ್ದ ಕಾಣ್ತಾವ" ಎಂದರು.

ಹೀಗೇ ವರ್ಷಗಳು ಸರಿದವು. ಸೊಸೈಟಿಯ ಸಾಲ ಮೊದಲು ಮುಗಿಯಿತು. ನಾನು ಎಂ.ಎ. ಮುಗಿಸಿ ಅಲ್ಲೇ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಊರಲ್ಲಿ ಮತ್ತೆ ಕಂಪ್ಯೂಟರಿನ ಕಾಲ ಬಂತು, ಗಾಜಿನ ಕಟ್ಟಡಗಳು ಎದ್ದವು. ನಮ್ಮ ಮನೆಯಲ್ಲಿ ರೊಟ್ಟಿಯ ಸಪ್ಪಳ ಮಾತ್ರ ನಿಲ್ಲಲಿಲ್ಲ. ಕಡೆಗೊಂದು ಶನಿವಾರ ಕಾಕಾ ಬ್ಯಾಂಕಿಗೆ ಹೋಗಿ ಕೊನೆಯ ಕಂತು ಕಟ್ಟಿ ಬಂದರು.

ನಾನೂ ಕಾಕುವೂ ಕಾಯುತ್ತಿದ್ದೆವು. ಏನು ನಾಟಕ ಮಾಡಿಕೊಂಡು ಬರುತ್ತಾರೋ ಎಂಬ ಕುತೂಹಲ ನನಗೆ. ಸಾಲ ತೀರಿದ ಕಾಕಾ ಬಾಜಾ ಬಜಂತ್ರಿ ತಂದರೂ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ದೇವರ ಮುಂದೆ ಕಾಗದ ಇಟ್ಟು, ಯಾವ ನಾಟಕವನ್ನೂ ಮಾಡದೆ ಮಾಳಿಗೆಯ ಮೆಟ್ಟಿಲ ಮೇಲೆ ಹೋಗಿ ಕೂತರು.

ಕಾಕು ಕೈಯ ಹಿಟ್ಟನ್ನು ಕೂಡ ತೊಳೆಯದೆ ಎದ್ದು ಹೋದರು. ಹಿಂದೆ ನಾನೂ ಹೋದೆ.

"ಏನಾತರಿ? ಇನ್ನೂ ಏನರೆ ಉಳದೈತಿ ಅಂದ್ರೇನ ಬ್ಯಾಂಕಿನವ್ರು?"

"ಇಲ್ಲ. ಎಲ್ಲಾ ಮುಗೀತು."

"ಮತ್ತ ಯಾಕ ಹಿಂಗ ಕುಂತೀರಿ?"

ಕಾಕಾ ಕಾಕುವಿನ ಹಿಟ್ಟಿನ ಕೈ ನೋಡಿದರು.

"ಇಷ್ಟ ವರ್ಷದಾಗ ನೀ ಒಂದ ದಿನಾ ಬೈಲಿಲ್ಲ" ಎಂದರು. "ಎಲ್ಲಾ ಹಾಳ ಮಾಡಿದ್ದು ನಾ. ಯಾವತ್ತೋ ಒಂದಿನ ಕೇಳ್ತಿ ಅಂತ ದಿನಾ ಅಂಜತಿದ್ದೆ. ನಿನಗ ಕುಂತ ಅಳಾಕ ಪುರಸೊತ್ತ ಸಿಗಬಾರದಂತ ಏನರೆ ಒಂದ ಹುಚ್ಚಾಟ ಮಾಡಕೋತ ಬಂದೆ. ನಿನ್ನ ನಗಸಾಕಂತ."

"ಗೊತ್ತೈತ್ರಿ" ಎಂದರು ಕಾಕು.

ಕಾಕಾ ತಲೆ ಎತ್ತಿದರು. "ಗೊತ್ತಿತ್ತು?"

"ಮೊದಲನೇ ದಿನಾನ ಗೊತ್ತಾತು. ಅದಕ್ಕ, ನಗಿ ಬರಲಿಲ್ಲಂದ್ರೂ ನಗತಿದ್ದೆ."

ಕಾಕಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಕಾಕು ಅದೇ ಮೆಟ್ಟಿಲ ಮೇಲೆ ಅವರ ಪಕ್ಕದಲ್ಲಿ ಕೂತು, ಹಿಟ್ಟಿನ ಕೈಯನ್ನೇ ಅವರ ಬೆನ್ನ ಮೇಲೆ ಇಟ್ಟರು. ಆಮೇಲೆ ನನ್ನ ಕಡೆ ನೋಡಿ, ಒಳಗೆ ಹೋಗು ಎಂದು ಕಣ್ಣಲ್ಲೇ ಹೇಳಿದರು.

ನಾನು ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ಒಲೆಯ ಮೇಲಿದ್ದ ರೊಟ್ಟಿಯನ್ನು ಮಗುಚಿ ಹಾಕಿದೆ.