ಬಾಟಲಿ ‘ಬ’ ಖರ್ಚಾಗದೇ ಉಳಿದಿರುವ ಬಗ್ಗೆ

ಇಂದ,
ಪ್ರಯೋಗಾಲಯ ಸಹಾಯಕಿ, ಕಾಲೇಜಿನ ರಸಾಯನಶಾಸ್ತ್ರ ವಿಭಾಗ
(ಮುಂದೆ ‘ಅರ್ಜಿದಾರಳು’)

ಗೆ,
ಅಧ್ಯಕ್ಷರು, ಗಾಂಜಾ ಔಷಧ ಅನುಮತಿ ನವೀಕರಣ ಸಮಿತಿ

ವಿಷಯ: ತಾವು ಕೇಳಿದ ಹೋಲಿಕೆ ಪರೀಕ್ಷೆ ಮೂರು ಸಲವೂ ಕೆಟ್ಟುಹೋದ ಬಗ್ಗೆ.

ಉಲ್ಲೇಖ: ೧. ‘ರೋಗಿಗೆ ಆರಾಮ ಕಾಣುತ್ತಿರುವುದು ಔಷಧದಿಂದಲೋ ನಂಬಿಕೆಯಿಂದಲೋ ಸ್ಪಷ್ಟಪಡಿಸುವುದು’ ಎಂಬ ತಮ್ಮ ಪತ್ರ.
೨. ಸದರಿ ಪತ್ರ ಓದಿ ಅರ್ಜಿದಾರಳ ಪತಿ ಆಡಿದ ಮಾತು (ಇಲ್ಲಿ ನಮೂದಿಸಲು ಯೋಗ್ಯವಲ್ಲ).

ಮಾನ್ಯರೇ,

೧. ಅರ್ಜಿದಾರಳ ಪತಿ ಟೈಲರ್. ನರಗಳ ಮೇಲಿನ ಹೊದಿಕೆ ಸವೆಯುವ ಕಾಯಿಲೆ ಅವರಿಗಿದೆ. ಕಾಲು ಮರದಂತೆ ಬಿಗಿಯುತ್ತದೆ, ಇಲ್ಲವೇ ಹೇಳದೆ ಕೇಳದೆ ಒದೆಯುತ್ತದೆ. ಪೆಡಲಿನ ಮೇಲಿರುವಾಗ ಒದ್ದರೆ, ಜೇಬಿನ ಅಂಚಿಗೆಂದು ಶುರುವಾದ ಹೊಲಿಗೆ ಜೇಬಿನ ಬಾಯನ್ನೇ ಮುಚ್ಚಿ ನಿಲ್ಲುತ್ತದೆ. ಮೊದಲು ಕೊಟ್ಟ ಮಾತ್ರೆಗಳು ಕಾಲಿನ ಜೊತೆಗೆ ಅವರನ್ನೂ ಮಲಗಿಸಿದವು. ಆ ಕಾರಣ ವೈದ್ಯರು ಗಾಂಜಾ ಎಣ್ಣೆ ಬರೆದುಕೊಟ್ಟರು. ನಾಲಿಗೆಯಡಿ ಕೆಲವೇ ಹನಿ. ಕಾಯಿಲೆ ವಾಸಿಯಾಗಿಲ್ಲ, ಆಗುತ್ತದೆಂದು ಯಾರೂ ಹೇಳಿಯೂ ಇಲ್ಲ. ಕಾಲು ಹೇಳಿದ ಮಾತು ಕೇಳುತ್ತದೆ, ಅಷ್ಟೇ. ಈ ತಿಂಗಳ ಕೊನೆಗೆ ಅನುಮತಿ ಮುಗಿಯುತ್ತದೆ.

೨. ತಮ್ಮ ಪ್ರಶ್ನೆ ನ್ಯಾಯವಾದದ್ದೆಂದು ಮನೆಯಲ್ಲಿ ಒಪ್ಪಿದವಳು ಅರ್ಜಿದಾರಳೊಬ್ಬಳೇ. ಆದ್ದರಿಂದ ವೈದ್ಯರನ್ನು ಕೇಳಿ, ಎರಡು ಬಾಟಲಿ ಸಿದ್ಧಪಡಿಸಿದಳು. ‘ಅ’ದಲ್ಲಿ ಔಷಧ, ‘ಬ’ದಲ್ಲಿ ಬರೀ ಅಡುಗೆ ಎಣ್ಣೆ. ರುಚಿಯಿಂದ ಗುರುತು ಸಿಗದಿರಲೆಂದು ಎರಡಕ್ಕೂ ಲವಂಗದ ಎಣ್ಣೆ. ಯಾವ ವಾರ ಯಾವ ಬಾಟಲಿ ಎಂಬುದು ಚೀಟಿ ಎತ್ತಿ ಹನಿ ಹಾಕುವವರಿಗೆ ಮಾತ್ರ ಗೊತ್ತು. ಯಾವುದರಲ್ಲಿ ಏನಿದೆ ಎಂಬುದು ಅವರಿಗೂ ಗೊತ್ತಿಲ್ಲ. ಪತಿ ಒಪ್ಪಿಗೆ ಕೊಟ್ಟ ಮಾತುಗಳು: “ನಾನೇನು ನಿನ್ನ ಲ್ಯಾಬಿನ ಕಪ್ಪೆಯೇನೇ? ಆಯ್ತು, ಹಾಕು. ಕಪ್ಪೆನಾದ್ರೂ ಯಾರು ಕೇಳ್ತಾರೆ.”

೩. ಮೊದಲ ಸಲ ಹನಿ ಹಾಕುವ ಹೊಣೆ ಪತಿಯ ಅಕ್ಕನದು. ಫಲಿತಾಂಶ ಅತ್ಯುತ್ತಮವಾಗಿತ್ತು. ಎಷ್ಟು ಉತ್ತಮವೆಂದರೆ, ಎರಡು ಬಾಟಲಿಗೂ ವ್ಯತ್ಯಾಸವೇ ಇರಲಿಲ್ಲ. ಔಷಧ ನಿಷ್ಪ್ರಯೋಜಕವೆಂದು ತಮಗೆ ಬರೆಯಲು ಅರ್ಜಿದಾರಳು ಪೆನ್ನು ತೆಗೆದಿದ್ದಳು. ಅಷ್ಟರಲ್ಲಿ ‘ಬ’ ಬಾಟಲಿ ಕತ್ತಿನವರೆಗೂ ತುಂಬಿರುವುದು ಕಣ್ಣಿಗೆ ಬಿತ್ತು.

“ಅಕ್ಕಾ, ಇದನ್ನ ಹಾಕೇ ಇಲ್ವಾ?”

“ಮೊದಲ ದಿನ ಹಾಕ್ದೆ ಕಣೇ. ಸಂಜೆಗೆ ಕಾಲು ಸೆಟೆದುಕೊಳ್ತು. ಆಮೇಲೆ ಇನ್ನೊಂದರಲ್ಲೇ ಹಾಕ್ದೆ.”

“ಅದನ್ನ ನೋಡೋಕೇ ಅಲ್ವಾ ಅಕ್ಕ ಪರೀಕ್ಷೆ ಮಾಡ್ತಿರೋದು?”

“ನೋಡಿದ್ನಲ್ಲ! ನೋಡಿದ ಮೇಲೂ ಹಾಕೋಕೆ ನಾನೇನು ರಾಕ್ಷಸಿಯಾ?”

ಸದರಿಯವರನ್ನು ಪ್ರಯೋಗದಿಂದ ಬಿಡುಗಡೆಗೊಳಿಸಲಾಯಿತು.

೪. ತರುವಾಯ ಮಾವನವರನ್ನು ನೇಮಿಸಲಾಯಿತು. ಇವರು ಬಸ್ ಡಿಪೋದ ನಿವೃತ್ತ ಟೈಮ್‌ಕೀಪರ್. ಓಡಿ ಬರುತ್ತಿದ್ದ ಸ್ವಂತ ಮಗನಿಗಾಗಿಯೂ ಬಸ್ಸು ನಿಲ್ಲಿಸದವರು. ಇವರ ಕೈಯಲ್ಲಿ ‘ಬ’ ಬಾಟಲಿ ದಿನದಿನಕ್ಕೂ ಇಳಿಯಿತು, ಅರ್ಜಿದಾರಳಿಗೆ ಸಮಾಧಾನವಾಯಿತು. ಆದರೆ ಅದೇ ಅವಧಿಯಲ್ಲಿ, ವರ್ಷಗಳಿಂದ ಕಿರುಗುಟ್ಟುತ್ತಿದ್ದ ಬಚ್ಚಲ ಬಾಗಿಲು ಮೌನವಾಯಿತು. ಕೀಲು ಮೂಸಿ ನೋಡಲಾಗಿ ಲವಂಗದ ವಾಸನೆ.

“ಮಾವ, ನೀವೂನಾ?”

“ಬಾಗಿಲಿಗೂ ಎಣ್ಣೆ ಬೇಕಿತ್ತಮ್ಮ,” ಎಂದು ಅವರು ಪತ್ರಿಕೆ ಎತ್ತಿ ಮುಖಕ್ಕೆ ಹಿಡಿದರು. ಪತ್ರಿಕೆ ತಲೆಕೆಳಗಾಗಿತ್ತು.

ಆ ಕಾರಣ ‘ಬ’ದಿಂದ ಆರಾಮ ಪಡೆದ ಏಕೈಕ ಫಲಾನುಭವಿ ಸದರಿ ಬಾಗಿಲು ಎಂದು ದಾಖಲಿಸಲಾಗಿದೆ.

೫. ಮೂರನೆಯ ಸಲ ಅರ್ಜಿದಾರಳೇ ನಿಂತಳು. ಹಾಕುವವರಿಗೆ ಯಾವ ಬಾಟಲಿಯಲ್ಲಿ ಏನಿದೆ ಎಂದು ಗೊತ್ತಿರಬಾರದು. ತಾನೇ ಹಾಕುವುದು ನಿಯಮಬಾಹಿರವೆಂದು ಅವಳಿಗೆ ತಿಳಿದಿತ್ತು. ಬೇರೆ ಜನ ಇರಲಿಲ್ಲ. ಒಂದು ದಿನ ‘ಬ’ ಹಾಕಿದಳು. ಮರುದಿನ ಬೆಳಿಗ್ಗೆ ಪತಿ ಯಂತ್ರದ ಮುಂದೆ ಕೂತಿದ್ದರು. ಎಡಗಾಲು ಪೆಡಲಿನ ಮೇಲೆ ಒಂದೇ ಸಮನೆ ಕುಣಿಯುತ್ತಿತ್ತು. ಅವರು ಎರಡೂ ಕೈಯಿಂದ ಮೊಣಕಾಲು ಅದುಮಿ ಹಿಡಿದು ನಕ್ಕರು.

“ಬರ್ಕೊಳ್ಳೇ, ಬರ್ಕೋ. ಇವತ್ತು ನಿನ್ನ ಕಪ್ಪೆ ಚೆನ್ನಾಗಿ ಒದೀತಿದೆ.”

ಅರ್ಜಿದಾರಳು ಬರೆದುಕೊಳ್ಳಲಿಲ್ಲ. ‘ಬ’ದ ಮುಚ್ಚಳ ತೆರೆದಳು, ಮತ್ತೆ ತಿರುಗಿಸಿ ಮುಚ್ಚಿದಳು. ‘ಅ’ವನ್ನು ತೆಗೆದುಕೊಂಡಳು. ಮಾವನವರು ಆ ಹೊತ್ತಿನಲ್ಲಿ ಪತ್ರಿಕೆ ಓದುತ್ತಿದ್ದರು. ಈ ಸಲ ಅದು ನೆಟ್ಟಗಿತ್ತು.

೬. ಮೇಲ್ಕಂಡ ಕಾರಣಗಳಿಂದ ಹೋಲಿಕೆಯ ಅಂಕಿಅಂಶಗಳನ್ನು ಒದಗಿಸಲು ಸಾಧ್ಯವಾಗಿಲ್ಲ. ಪ್ರಯೋಗಾಲಯದಲ್ಲಿ ಇಂಥ ದಾಖಲೆ ತಂದ ವಿದ್ಯಾರ್ಥಿಯನ್ನು ಅರ್ಜಿದಾರಳು ವಾಪಸು ಕಳುಹಿಸುತ್ತಿದ್ದಳು. ಆದರೂ ಸ್ವಭಾವದಲ್ಲಿ ಒಬ್ಬರಂತೊಬ್ಬರಿಲ್ಲದ ಮೂವರ ಕೈಯಲ್ಲೂ ಒಂದೇ ಫಲಿತಾಂಶ ಬಂದಿರುವುದನ್ನು ಗಮನಕ್ಕೆ ತರಲಾಗಿದೆ: ಎಲ್ಲರೂ ಪತಿಯ ಕಾಲನ್ನು ನೋಡಿದರು, ಎಲ್ಲರ ಕೈಯೂ ‘ಅ’ದ ಕಡೆಗೇ ಹೋಯಿತು.

ಆದ್ದರಿಂದ, ತಿಂಗಳು ಮುಗಿಯುವುದರೊಳಗೆ ಸಮಿತಿಯ ಸದಸ್ಯರೊಬ್ಬರನ್ನು ಮನೆಗೆ ಕಳುಹಿಸಿ, ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ಅವರ ಕೈಯಾರೆ ‘ಬ’ ಬಾಟಲಿಯ ಹನಿಗಳನ್ನು ಹಾಕಿಸಬೇಕಾಗಿ ಕೋರಿಕೆ. ಮನೆಯವರು ಅಡ್ಡಬರುವುದಿಲ್ಲ. ಅಕ್ಕನನ್ನು ಅಡುಗೆಮನೆಯಲ್ಲಿ ಇರಿಸಲಾಗುವುದು.

ತಮ್ಮಲ್ಲೂ ಪ್ರಯೋಗದ ನಿಯಮಗಳಲ್ಲೂ ಈಗಲೂ ವಿಶ್ವಾಸವಿಟ್ಟಿರುವ,
ಅರ್ಜಿದಾರಳು

ಲಗತ್ತುಗಳು:
ವೈದ್ಯರ ಚೀಟಿಯ ನಕಲು.
‘ಬ’ ಹಾಕಿದ ಮರುದಿನ ಹೊಲಿದ ಅಂಗಿ, ಒಂದು (ಜೇಬಿಗೆ ಬಾಯಿಲ್ಲ).
ಬಾಟಲಿ ‘ಬ’, ಬಾಗಿಲಿಗೆ ಹೋಗಿ ಉಳಿದದ್ದು. ಸದಸ್ಯರು ಬರುವಾಗ ತರತಕ್ಕದ್ದು.

ವಿ.ಸೂ.: ಸದಸ್ಯರ ಕೈಯೂ ‘ಅ’ದ ಕಡೆಗೇ ಹೋದಲ್ಲಿ, ಅದನ್ನೇ ಸಮಿತಿಯ ಶಿಫಾರಸೆಂದು ಪರಿಗಣಿಸಿ ಅನುಮತಿಯನ್ನು ನವೀಕರಿಸಬೇಕಾಗಿ ವಿನಂತಿ.